ಡನ್‌ವಿಕ್ ಊರು ಎಸೆದ ಆಟಗಾರ

ಓಹಾಯೋದ ಡನ್‌ವಿಕ್‌ನಲ್ಲಿ ಗಾಟ್ಲೀಬ್ ರೇಡರ್ ಅಮೆರಿಕನ್ ಫುಟ್‌ಬಾಲಿನ, ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಗೆರೆ ದಾಟಿಸುವ ಆಟದ, ತಾರೆಯಾದದ್ದು ಓಟದಿಂದಲ್ಲ. ಅವನಿಗೆ ಓಡಲು ಬರುತ್ತಿರಲಿಲ್ಲ. ಆಳು ಹಗುರವಾಗಿದ್ದ, ಅಷ್ಟೆ. ಹೆಂಡತಿ ಹುಲ್ಡಾ ಅವನ ಚಡ್ಡಿಯ ಎರಡು ಪಕ್ಕಕ್ಕೂ ಹಳೆಯ ಸೂಟ್‌ಕೇಸಿನ ಚರ್ಮದ ಹಿಡಿಗಳನ್ನು ಹೊಲಿದಿದ್ದಳು. ಚೆಂಡು ಅವನ ಕೈಸೇರಿದೊಡನೆ ಅವನದೇ ತಂಡದ ಧಡೂತಿ ಮೆಕಾರ್ಕಲ್ ಸಹೋದರರು ಆಚೆಗೊಬ್ಬ ಈಚೆಗೊಬ್ಬ ಹಿಡಿಗೆ ಕೈಹಾಕಿ, ಎದುರಾಳಿಗಳ ತಲೆಯ ಮೇಲಿನಿಂದ ಅವನನ್ನು ಗೆರೆಯಾಚೆಗೆ ಎಸೆಯುತ್ತಿದ್ದರು. ಆಗಿನ ಕಾಲಕ್ಕೆ ಅದು ಆಟವೇ.

ಅವನು ದುಡಿಯುತ್ತಿದ್ದ, ತಂಡವನ್ನೂ ನಡೆಸುತ್ತಿದ್ದ ಉಕ್ಕಿನ ಕಾರ್ಖಾನೆಯವರು ಸಂತೋಷಪಟ್ಟು ಅವನನ್ನು ಕುಲುಮೆಯಿಂದ ಬಿಡಿಸಿ ಗೇಟಿನ ಬಳಿ ಕಾವಲಿನ ಕುರ್ಚಿ ಕೊಟ್ಟರು. ತಂಡದಲ್ಲಿರುವವರೆಗೆ ಕುರ್ಚಿ, ಇಲ್ಲವಾದರೆ ಮತ್ತೆ ಕುಲುಮೆ. ಕುಲುಮೆಯ ಹೊಗೆಗೆ ಅವನ ಎದೆ ಅದಾಗಲೇ ಸೋತಿತ್ತು.

೧೯೧೦ರಲ್ಲಿ ಹೊಸ ನಿಯಮ ಬಂತು. ಚೆಂಡು ಹಿಡಿದವನನ್ನು ಅವನ ತಂಡದವರು ಎಳೆಯುವಂತಿಲ್ಲ, ಎತ್ತುವಂತಿಲ್ಲ.

"ಹಿಡಿ ಬಿಚ್ಚಿಬಿಡ್ಲಾ?" ಎಂದಳು ಹುಲ್ಡಾ.

"ಇರ್ಲಿ ಬಿಡೆ. ಅದಿಲ್ದಿದ್ರೆ ಚಡ್ಡಿ ನಂದು ಅನ್ಸಲ್ಲ."

"ಅನ್ಸೋದು ಹಾಳಾಗ್ಲಿ, ಓಡೋದು ಕಲಿ. ಆ ಕುಲುಮೆ ಕೆಮ್ಮು ಇನ್ನೊಂದ್ಸಲ ಕೇಳೋಕೆ ನನ್ ಕೈಲಾಗಲ್ಲ."

ಅವಳೇ ಬಿಚ್ಚಿದಳು.

ಭಾನುವಾರ ನೆರೆಯೂರಿನ ತಂಡದೊಡನೆ ಆಟ. ಚೆಂಡು ಬಂತು. ಗಾಟ್ಲೀಬ್ ರೂಢಿಯಂತೆ ಮೊಣಕೈಗಳನ್ನು ಅಗಲಿಸಿ ನಿಂತುಕೊಂಡ.

"ಏ ಗುಬ್ಬಿ, ಎಸೆಯಂಗಿಲ್ಲ ಕಣೋ! ಕಾಲಿದ್ಯಲ್ಲ, ಓಡೋ!" ಎಂದು ದೊಡ್ಡ ಮೆಕಾರ್ಕಲ್ ಅರಚಿದ.

ಎದುರಾಳಿಗಳಿಗೂ ರೂಢಿಯೇ ಮುಂದಾಗಿತ್ತು. ಎಲ್ಲರೂ ಕೈಯೆತ್ತಿ, ಆಕಾಶ ನೋಡುತ್ತ ಅವನಿಗಾಗಿ ಕಾಯುತ್ತಿದ್ದರು. ಗಾಟ್ಲೀಬ್ ಬಗ್ಗಿ, ಆ ಕೈಗಳ ಕೆಳಗೆ ನಡೆದುಕೊಂಡೇ ಗೆರೆ ದಾಟಿದ. ಎಂಥ ಚಾಣಾಕ್ಷ ಎಂದು ಪತ್ರಿಕೆ ಬರೆಯಿತು. ಕುರ್ಚಿ ಒಂದು ವಾರ ಉಳಿಯಿತು.

ಮುಂದಿನ ಭಾನುವಾರದ ಎದುರಾಳಿಗಳು ಪತ್ರಿಕೆ ಓದಿದ್ದರು. ಅವರು ಆಕಾಶ ನೋಡಲಿಲ್ಲ. ಗಾಟ್ಲೀಬನ ಎರಡು ಪಕ್ಕೆಲುಬು ಮುರಿದವು.

ಕಾರ್ಖಾನೆಯ ಮ್ಯಾನೇಜರ್ ಮನೆಗೇ ಬಂದು, "ನಿನ್ ಮೇಲೆ ಕೋಪ ಇಲ್ಲ ಕಣಯ್ಯಾ. ಪಕ್ಕೆ ಕೂಡಿದ್ಮೇಲೆ ಕುಲುಮೆಗೆ ಬಾ," ಎಂದ.

ಹುಲ್ಡಾ ಬಾಗಿಲು ತೆರೆದು ಹಿಡಿದಳು. "ಅವ್ನು ಬರಲ್ಲ ಸಾರ್. ಮೆಟ್ಲು ನೋಡ್ಕೊಂಡು ಇಳೀರಿ."

ಅವಳು ಹೋಟೆಲೊಂದರಲ್ಲಿ ಬಟ್ಟೆ ಒಗೆಯಲು ಸೇರಿದಳು. ಅವನು ಮನೆಯಲ್ಲಿ ಅಡುಗೆ ಮಾಡಿದ, ಎಪ್ಪತ್ತು ದಾಟುವವರೆಗೆ ಬದುಕಿದ. ಅವನ ಎಲೆಕೋಸಿನ ಸೂಪಿನಲ್ಲಿ ಯಾವಾಗಲೂ ಉಪ್ಪು ಹೆಚ್ಚು. ಅವಳು ನೀರು ಬೆರೆಸಿಕೊಂಡು ಕುಡಿಯುತ್ತಿದ್ದಳು.

"ಅಷ್ಟೆತ್ತರದಿಂದ ಏನ್ ಕಾಣ್ತಿತ್ತು ರೇಡರ್?" ಎಂದು ಯಾರಾದರೂ ಕೇಳುತ್ತಲೇ ಇದ್ದರು.

"ಏನಿಲ್ಲ," ಎನ್ನುತ್ತಿದ್ದ. "ಕಣ್ಮುಚ್ಕೊಂಡಿರ್ತಿದ್ದೆ."