ನನ್ನ ಹಸು ಹಿಂಡಿದ ನಿಂಗಮ್ಮ

ಪಕ್ಕದ ಮನೆಯ ನಿಂಗಮ್ಮ ಯಾರನ್ನೂ ಚೆನ್ನಾಗಿದ್ದೀಯಾ ಎಂದು ಕೇಳಿದವಳಲ್ಲ. "ಇನ್ನೂ ಇದ್ದೀಯೇನಮ್ಮಿ?" ಎಂದು ಕೇಳುತ್ತಿದ್ದಳು. ಬಾಣಂತಿಯನ್ನೂ ಹಾಗೇ ಕೇಳಿದಳು, ಮದುವೆಗೆ ಕರೆಯಲು ಬಂದವರನ್ನೂ ಹಾಗೇ ಕೇಳಿದಳು. ಬಾಯಿ ತುಂಬ ಎಲೆಯಡಿಕೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ತಮಟೆಯಂಥ ಗಂಟಲು. ಅವಳ ಬಚ್ಚಲ ನೀರು ನಮ್ಮ ಹುಲ್ಲಿನ ಮೆದೆಯ ಬುಡಕ್ಕೆ ಹರಿಯುತ್ತಿತ್ತು. ಅದಕ್ಕಾಗಿ ನಾವಿಬ್ಬರೂ ಬಹಳ ವರ್ಷ ಜಗಳವಾಡಿದೆವು. ನೀರು ಇವತ್ತಿಗೂ ಅಲ್ಲೇ ಹರಿಯುತ್ತಿದೆ.

ಹಾಸನಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸುಗಳು ನಮ್ಮ ಶಾಂತಿಗ್ರಾಮದಲ್ಲಿ ನಿಲ್ಲದೆ ಹೋಗುತ್ತಿದ್ದವು. ಒಂದು ದಿನ ಇವಳು ಅವರೆಕಾಯಿ ಮೂಟೆಯನ್ನು ರಸ್ತೆಯ ನಡುವೆ ಹಾಕಿ ಅದರ ಮೇಲೆ ಕೂತುಬಿಟ್ಟಳು. ನಾನು ಯಾರೋ ಬೇರೆಯವಳು ಎನ್ನುವ ಹಾಗೆ ಆಚೆ ನಿಂತೆ. ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಬಂದ.

"ಅಜ್ಜೀ, ಸಾಯ್ಬೇಕು ಅಂತಿದ್ದೀಯಾ?"

"ಸತ್ರೆ ಆಸನಕ್ಕೋಗೇ ಸಾಯ್ತೀನಿ ಕಣಪ್ಪ. ಮೂಟೆ ಇಡ್ಕೊ."

ಅವನು ಮೂಟೆ ಹಿಡಿದುಕೊಂಡ.

ಆಮೇಲೆ ನನಗೆ ಲಕ್ವ ಹೊಡೆಯಿತು. ಬಲಗಡೆ ಕೈಕಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ಕೈಗೆ ದಿನಾ ಕೆಲಸ ಕೊಡಿ, ನಿಧಾನಕ್ಕೆ ಬರುತ್ತದೆ ಎಂದು ಹೇಳಿ ಆಸ್ಪತ್ರೆಯವರು ಕಳಿಸಿದರು. ನೋಡಲು ಬಂದವರೆಲ್ಲ ಪಾಪ, ಪಾಪ ಎಂದರು. ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಮಗ, ಸೊಸೆ ರೇಖಾ ಕೆಟ್ಟವರಲ್ಲ. ಆದರೆ ಇಬ್ಬರಿಗೂ ಹಾಲು ಹಿಂಡಲು ಬಾರದು. ನನ್ನ ಹಸು ಕೆಂಪಿಯನ್ನು ಚನ್ನರಾಯಪಟ್ಟಣದ ಸಂತೆಗೆ ಹೊಡೆದುಬಿಡೋಣ ಎಂದು ನನ್ನ ಮಂಚದ ಪಕ್ಕದಲ್ಲೇ ನಿಂತು ಮಾತಾಡಿಕೊಂಡರು. ಮಂಚದ ಮೇಲೆ ಇದ್ದದ್ದು ನಾನಲ್ಲ, ಕಂಬಳಿ ಎನ್ನುವ ಹಾಗೆ. ಕೆಂಪಿಯೂ ಹೋದರೆ ಬೆಳಿಗ್ಗೆ ಏಳುವುದಕ್ಕೆ ನನಗೆ ಬೇರೆ ಕಾರಣ ಉಳಿದಿರಲಿಲ್ಲ.

ಸುದ್ದಿ ಗೋಡೆ ದಾಟಿ ನಿಂಗಮ್ಮನಿಗೆ ಮುಟ್ಟಿತು. ಚೊಂಬು ಹಿಡಿದು ಬಂದು ಬಾಗಿಲಲ್ಲಿ ನಿಂತಳು. "ಮಾರ್ಬ್ಯಾಡ್ರಿ. ಇವ್ಳು ಏಳೋಗಂಟ ನಾನಿಂಡ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀ ಏಳ್ನಿಲ್ಲ ಅಂದ್ರೆ ಅಸ ನಂದು ಕಣಮ್ಮಿ," ಎಂದಳು.

ಮಂಚದಿಂದ ಕೊಟ್ಟಿಗೆ ಕಾಣುತ್ತಿತ್ತು. ಅವಳು ಹೆಬ್ಬೆರಳು ಮಡಚಿ ಗಿಣ್ಣಿನಿಂದ ಒತ್ತಿ ಹಿಂಡುವವಳು. ನಮ್ಮವ್ವ ನನಗೆ ಕಲಿಸಿದ್ದು ಪೂರ್ತಿ ಮುಷ್ಟಿಯಲ್ಲಿ ಹಿಂಡುವುದನ್ನು. ಗಿಣ್ಣು ಒತ್ತಿದರೆ ಮೊಲೆಗೆ ನೋವು. ಕೆಂಪಿ ಕಾಲು ಜಾಡಿಸುತ್ತಿತ್ತು, ಇವಳು ಅದಕ್ಕೂ ಬಯ್ಯುತ್ತಿದ್ದಳು. ನೋಡಲಾಗದೆ ಒಂದು ದಿನ ಕಿರುಚಿದೆ.

"ಏನಂದೆ? ಇನ್ನೊಂದ್ಸಲ ಅನ್ನು, ಕೇಳಿಸ್ನಿಲ್ಲ."

"ಹೆಬ್ಬೆಳ್ಳು ಬಿಡ್ಸೇ ಮುಂಡೆ."

ಕಾಯಿಲೆ ಬಿದ್ದ ಮೇಲೆ ನನ್ನ ಬಾಯಿಂದ ನೆಟ್ಟಗೆ ಬಂದ ಮೊದಲ ಮಾತು ಅದೇ.

"ನಂಗ್ ಬರಾದೇ ಇಂಗೆ. ನಿಂಗ್ ಚೆಂದಾಗ್ ಬಂದ್ರೆ ಎದ್ ಬಂದು ಇಂಡು," ಎಂದಳು. ಹೋಗುವಾಗ ಒಂದು ಒದ್ದೆ ಬಟ್ಟೆಯನ್ನು ನನ್ನ ಎದೆಯ ಮೇಲೆ ಎಸೆದಳು. "ಮೊದ್ಲು ಇದ್ನ ಇಂಡು ನೋಡನ."

ಬಟ್ಟೆಯಿಂದ ಒಂದು ಹನಿಯೂ ಬೀಳಲಿಲ್ಲ. ಸಿಟ್ಟಿಗೆ ಅಳು ಬಂತು. ಅವಳು ದಿನಾ ಬಂದಳು, ದಿನಾ ಬಟ್ಟೆ ಎಸೆದಳು, ದಿನಾ ಅಣಕಿಸಿದಳು. ನಾನು ಬಟ್ಟೆ ಹಿಂಡಿದೆ. ಮುದ್ದೆಯ ಹಿಟ್ಟು ಅದುಮಿದೆ. ಗೋಡೆ ಹಿಡಿದು ನಡೆದೆ, ಬಿದ್ದೆ, ಹಿಡಿಯಲು ಬಂದ ರೇಖಾಳಿಗೆ ದೂರ ನಿಲ್ಲು ಎಂದೆ. ಧೈರ್ಯ ಗೀರ್ಯ ಏನೂ ಇರಲಿಲ್ಲ. ಆ ಹೆಂಗಸನ್ನು ನನ್ನ ಕೊಟ್ಟಿಗೆಯಿಂದ ಓಡಿಸಬೇಕಿತ್ತು, ಅಷ್ಟೇ. ರಾಗಿ ಕೊಯ್ಲಿನ ಹೊತ್ತಿಗೆ ಕೆಂಪಿಯ ಪಕ್ಕ ಕೂತು ನನ್ನ ಮುಷ್ಟಿಯಲ್ಲೇ ಅರ್ಧ ಚೊಂಬು ಹಿಂಡಿದೆ. ನಿಂಗಮ್ಮ ಚೊಂಬಿನೊಳಗೆ ಬಗ್ಗಿ ನೋಡಿದಳು.

"ಬೆಕ್ಕಿಗಾಯ್ತದೆ," ಎಂದು ಹೊರಟಳು. ಮಾರನೆಯ ದಿನದಿಂದ ಬರಲಿಲ್ಲ.

ಹೋದ ವರ್ಷ ಅಂಗಳದಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗೇ ಆಯಿತು. ಎಬ್ಬಿಸಿ ನಡೆಸಿ ಎಂದು ಡಾಕ್ಟರು ಹೇಳಿದ್ದರು. ಅವಳು ಕಾಲು ನೆಲಕ್ಕೆ ಇಡಲಿಲ್ಲ. ನಾನು ದಿನಾ ಹೋದೆ. ಬಾಯಿಗೆ ಬಂದ ಹಾಗೆ ಬಯ್ದೆ.

"ಏಳ್ನಿಲ್ಲ ಅಂದ್ರೆ ನಿನ್ ಕೋಳೀನೆಲ್ಲ ಕುಯ್ಕೊಂಡು ತಿಂತೀನಿ ನೋಡು."

"ತಿನ್ನು."

"ಎದ್ದೇಳೇ ಮೈಗಳ್ಳಿ."

"ಸುಮ್ಕಿರಮ್ಮಿ. ನಿಂಗೆ ಮೂಗಿನ್ ತುದೀಲಿ ಸಿಟ್ಟಿತ್ತು, ಅದ್ಕೇ ಬಯ್ದೆ. ನಂಗೀಗ ಯಾರ್ ಮ್ಯಾಲೂ ಸಿಟ್ಟಿಲ್ಲ ಕಣೆ." ಹಾಗೆಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಮತ್ತೆ ನನ್ನೊಡನೆ ಮಾತಾಡಲಿಲ್ಲ. ಚಳಿ ಮುಗಿಯುವ ಮೊದಲೇ ಹೋದಳು.

ತಿಥಿಗೆ ಬಂದವರು, ಶಾಂತವಾಗಿ ಹೋದಳು, ಪುಣ್ಯವಂತೆ ಎಂದರು. ಏನು ಪುಣ್ಯ? ಹಲ್ಲು ಕಚ್ಚಿ ಒಂದು ಹೆಜ್ಜೆ ಇಟ್ಟಿದ್ದರೆ ಇವತ್ತು ಜಗಲಿಯ ಮೇಲೆ ಕೂತು ಇವರಿಗೆಲ್ಲ ಬಯ್ಯುತ್ತಿದ್ದಳು. ಮಲಗಿದ್ದ ನನ್ನನ್ನು ಮಲಗಲು ಬಿಡದವಳು ತಾನು ಮಲಗಿಬಿಟ್ಟಳು. ನಾನು ಎಲೆಯ ಮುಂದೆ ಕೂರದೆ ಎದ್ದು ಬಂದೆ. ರೇಖಾ ಹಿಂದೆಯೇ ಬಂದಳು.

"ಸತ್ತೋರ್ ಮ್ಯಾಲೆ ಏನತ್ತೆ ಸಿಟ್ಟು? ಬಿಟ್ಬುಡಿ."

"ಬಿಡಾಕಿಲ್ಲ," ಎಂದೆ.