ಬುಧವಾರ ಕಟ್ಟಿದ ಎಣ್ಣೆಬಟ್ಟೆ

ಮೇಸ್ತ್ರಿಯ ಎಡಗಿವಿಯ ಅಂಚಿಗೆ ಯಾವಾಗಲೂ ಗ್ರೀಸಿನ ಕಪ್ಪು ಮೆತ್ತಿರುತ್ತಿತ್ತು. ಹಬ್ಬದ ದಿನ ಎಣ್ಣೆಸ್ನಾನ ಮಾಡಿ ಇಸ್ತ್ರಿ ಅಂಗಿ ತೊಟ್ಟು ಬಂದರೂ ಅದು ಹೋಗಿರುತ್ತಿರಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡ ಭಾಗವನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಿವಿ ಹಚ್ಚಿ ಕೇಳುವುದು ಅವರ ಪದ್ಧತಿ. ಸದ್ದು ಬಿಗಿಯಾಗಿದ್ದರೆ ಎದ್ದು ಬೇರೆ ಗಾಡಿಯ ಕಡೆ ಹೋಗುವರು.

ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಆ ಮೇಸ್ತ್ರಿಯ ಮೋಟಾರ್ ಸೈಕಲ್ ರಿಪೇರಿ ಅಂಗಡಿ. ಎಂಬತ್ತೈದರಲ್ಲಿ ನಾನು ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಸಂಜೆ ಅವರ ಬೆಂಚಿನ ಮೇಲೆ ಕೂತು ಡೈರಿ ಬರೆಯುವುದು ಅಭ್ಯಾಸವಾಗಿತ್ತು. ಅಂಗಡಿಯ ಮುಂದೆ ನಿಂತ ಗಾಡಿಗಳನ್ನು ಎಣಿಸಿ, ಯಾವುದಕ್ಕೆ ಏನು ಕೆಲಸವಾಯಿತೆಂಬುದನ್ನೂ ಬರೆಯುತ್ತಿದ್ದೆ. ಆ ವರ್ಷ ಎಂಟಕ್ಕಿಂತ ಕಡಿಮೆ ಬರೆದ ದಿನಗಳು ಅಪರೂಪ.

ಮುಂದಿನ ಫೋರ್ಕ್ ಬಿಚ್ಚುವುದರಲ್ಲಿ ಅವರಿಗೆ ಹೆಸರಿತ್ತು. ಹಳೆಯ ಗಾಡಿಗಳಲ್ಲಿ ಫೋರ್ಕಿನ ಪೈಪು ಅದನ್ನು ಹಿಡಿದಿರುವ ಕ್ಲ್ಯಾಂಪಿಗೆ ತುಕ್ಕಿನಿಂದ ಅಂಟಿಕೊಂಡುಬಿಡುತ್ತದೆ. ಬೇರೆಯವರು ಬಡಿದು ತೆಗೆಯುತ್ತಿದ್ದರು. ಇವರು ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿ, ಬಟ್ಟೆ ನೆನೆಸಿ, ಆ ಜಾಗಕ್ಕೆ ಕಟ್ಟಿ, ಮೂರು ಪೂರ್ತಿ ದಿನ ಬಿಡುತ್ತಿದ್ದರು.

“ಏನ್ ಮೇಸ್ತ್ರಿ, ಗಾಡಿಗೆ ಬಾಣಂತನ ಮಾಡ್ತಿದೀರಾ?” ಎಂದು ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಒಬ್ಬರು ರೇಗಿಸುತ್ತಿದ್ದರು.

“ಹೆರಿಗೇನೇ ಆಗಿಲ್ಲ ಸ್ವಾಮಿ, ಬಾಣಂತನ ಎಲ್ಲಿಂದ ಬಂತು? ಹತ್ತು ವರ್ಷದಿಂದ ತಬ್ಕೊಂಡು ಕೂತಿದೆ. ಇವತ್ತು ಬಿಡು ಅಂದ್ರೆ ಬಿಡುತ್ತಾ?”

ಅವರಿಗೆ ಓದು ಬಾರದು. ಯಾವ ಗಾಡಿಗೆ ಯಾವ ದಿನ ಬಟ್ಟೆ ಕಟ್ಟಿದೆ ಎಂಬುದನ್ನು ಟ್ಯಾಂಕಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ನೆನಪಿಟ್ಟುಕೊಳ್ಳುತ್ತಿದ್ದರು. ಒಂದು ಮಳೆಗೆ ಗೆರೆಗಳೆಲ್ಲ ತೊಳೆದುಹೋದಾಗ ನಾನು ಡೈರಿ ನೋಡಿ ನಾಲ್ಕು ಗಾಡಿಗಳ ದಿನ ಹೇಳಿದೆ. ಅಂದಿನಿಂದ ನನ್ನನ್ನು ಶಾನುಭೋಗರು ಎಂದೇ ಕರೆದರು. ಸೀಮೆಸುಣ್ಣ ಬಿಟ್ಟರು. “ಶಾನುಭೋಗ್ರೇ, ಈ ಹಸಿರು ಗಾಡಿ ಯಾವತ್ತಿಂದು?” ಎಂದು ಕೇಳುವರು, ನಾನು ಪುಟ ತಿರುಗಿಸುವೆ.

ಆ ವರ್ಷ ನವೆಂಬರ್‌ನಲ್ಲಿ ಅಪ್ಪನ ಹಳೆಯ ಬೈಕಿನ ಫೋರ್ಕಿನಿಂದ ಎಣ್ಣೆ ಸೋರತೊಡಗಿತು. ಸೀಲ್ ಬದಲಿಸಲು ಪೈಪು ಹೊರಗೆ ಬರಬೇಕು. ಮೇಸ್ತ್ರಿ ಬುಧವಾರ ಸಂಜೆ ಬಟ್ಟೆ ಕಟ್ಟಿದರು. ಶನಿವಾರ ಬೆಳಿಗ್ಗೆ ಗೆಳೆಯರೆಲ್ಲ ಬೈಕಿನಲ್ಲಿ ಸಾವನದುರ್ಗಕ್ಕೆ ಹೊರಡುವವರಿದ್ದರು. ನನ್ನ ಆತುರಕ್ಕೆ ಇದ್ದ ಕಾರಣ ಇಷ್ಟೇ.

ಶುಕ್ರವಾರ ಮಧ್ಯಾಹ್ನ ಅವರ ಬಳಿ ಹೋಗಿ, “ಅಣ್ಣ, ನಮ್ ಗಾಡೀದು ಮೂರು ದಿನ ಆಯ್ತು,” ಎಂದೆ.

ಅವರು ತಟ್ಟಿ ಕಿವಿ ಹಚ್ಚಿದರು. “ಇನ್ನೂ ಬಿಗಿ ಅದೆ. ಬುಧವಾರ ಅಲ್ವಾ ಕಟ್ಟಿದ್ದು?”

“ಮಂಗಳವಾರ ಬೆಳಿಗ್ಗೆ. ಬರ್ದಿದೀನಲ್ಲ.”

ಡೈರಿ ಕೈಯಲ್ಲೇ ಇತ್ತು, ಬುಧವಾರದ ಪುಟದಲ್ಲಿ ನಿಜವನ್ನು ಬರೆದೂ ಇದ್ದೆ. ಅವರು ಡೈರಿಯ ಕಡೆ ನೋಡಿ, “ಬರ್ದಿದ್ರೆ ಸರಿ ಬಿಡಿ. ನನ್ ಕಿವೀನೇ ಮಂದ ಆಗಿರ್ಬೇಕು,” ಎಂದು ಕ್ಲ್ಯಾಂಪಿನ ಸೀಳಿಗೆ ತೆಳು ಉಳಿಯಿಟ್ಟು ತಟ್ಟಿದರು. ಮೂರನೆಯ ಏಟಿಗೆ ಕ್ಲ್ಯಾಂಪು ಬಿರಿಯಿತು. ಪೈಪು ಅಲ್ಲಾಡಲೇ ಇಲ್ಲ.

ಅವರು ಬಹಳ ಹೊತ್ತು ಬಿರುಕಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ಸಂಜೆ ಅಪ್ಪನ ಎದುರು ಬಂದು, “ನನ್ ಕೈ ತಪ್ಪು ಸಾರ್. ಇಪ್ಪತ್ತು ವರ್ಷದಲ್ಲಿ ಹಿಂಗಾಗಿರ್ಲಿಲ್ಲ,” ಎಂದರು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ವಾರದೊಳಗೆ ಅವರೇ ಗುಜರಿಯೆಲ್ಲ ಹುಡುಕಿ ಬೇರೆ ಕ್ಲ್ಯಾಂಪು ತಂದು ಹಾಕಿದರು.

ಮೂರು ದಿನ ಸಾಲುವುದಿಲ್ಲ ಎಂಬ ಪಾಠವನ್ನು ಅವರು ಕಲಿತದ್ದು ನನ್ನ ಸುಳ್ಳಿನಿಂದ. ಆಮೇಲೆ ಐದು ದಿನ ಬಿಡತೊಡಗಿದರು, ಮುಂದೆ ಎಂಟು ದಿನ. ತಟ್ಟಿ ಕೇಳುವರು, ಮತ್ತೆ ಕೇಳುವರು, ನಂಬಿಕೆ ಬಾರದೆ ಹೊಸ ಬಟ್ಟೆ ಕಟ್ಟುವರು. “ಮೇಸ್ತ್ರಿ, ನಾನು ನಡ್ಕೊಂಡೇ ಡ್ಯೂಟಿಗೆ ಹೋಗ್ಲಾ?” ಎಂದು ಸೂಪರ್‌ವೈಸರ್ ಗಾಡಿ ತಳ್ಳಿಕೊಂಡು ಹೋದರು. ಆ ಸಲ ರೇಗಿಸುವ ದನಿ ಇರಲಿಲ್ಲ. ಮಾಗಡಿ ರಸ್ತೆಯಲ್ಲಿ ಗ್ಯಾಸ್ ಬೆಂಕಿಯಿಂದ ಕಾಯಿಸಿ ಅರ್ಧ ದಿನದಲ್ಲಿ ಕೊಡುವ ಗ್ಯಾರೇಜು ಬಂದಿತ್ತು. ನನ್ನ ಡೈರಿಯಲ್ಲಿ ಎಂಟು ಗಾಡಿ ಐದಾಯಿತು, ಐದು ಎರಡಾಯಿತು. ಎಂಬತ್ತೇಳರ ಯುಗಾದಿಯ ನಂತರ ಬರೆಯಲು ಏನೂ ಇರಲಿಲ್ಲ. ಅವರು ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷೀನುಗಳಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದರು.

ನಿಜ ಹೇಳಬೇಕೆಂದು ಹೋಗಿ ಹೇಳದೆ ಬಂದ ದಿನಗಳನ್ನೂ ಬರೆದಿಟ್ಟಿದ್ದೇನೆ. ಹನ್ನೊಂದು. ಒಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅವರೇ, “ನಿಮ್ ಬುಕ್ ಒಂದು ಸರಿಯಾಗಿತ್ತು ನೋಡಿ, ನಂದೇ ಎಲ್ಲ ಎಡವಟ್ಟು,” ಎಂದರು. ಅಂದು ಕಾಫಿ ಕುಡಿಸಿದರು, ಕುಡಿದು ಬಂದೆ.

ಎಂಬತ್ತೆಂಟರ ಡಿಸೆಂಬರ್‌ನಲ್ಲಿ ಎದೆನೋವೆಂದು ಮಲಗಿದ ಮೇಸ್ತ್ರಿ ಏಳಲಿಲ್ಲ. ತಿಂಗಳು ಕಳೆದ ಮೇಲೆ ಮಾರೇನಹಳ್ಳಿಯ ಅವರ ಮನೆಗೆ ಹೋಗಿ, ಅವರ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಬುಧವಾರ, ಮಂಗಳವಾರ, ಸಾವನದುರ್ಗ, ಯಾವುದನ್ನೂ ಬಿಡಲಿಲ್ಲ. ಆಕೆ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ಕೇಳಿಸಿಕೊಂಡರು.

“ಎಷ್ಟು ದಿನ ಆಯ್ತಪ್ಪ ಇದಾಗಿ?”

“ಮೂರು ವರ್ಷ ಆಯ್ತಮ್ಮ.”

“ಮೂರು ವರ್ಷಾನೂ ಇಲ್ಲೇ ಇದ್ರಲ್ಲಪ್ಪ ಅವರು. ದಿನಾ ಸಂಜೆ ಈ ಬಾಗಿಲಲ್ಲೇ ಕೂತಿರ್ತಿದ್ರು.”