ಬೀಗ ಜಗ್ಗುವ ವಂಶ

ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುವವರು, ಜಗ್ಗದೆ ಹೊರಟುಹೋಗುವವರು ಎಂದು ಮನುಷ್ಯಜಾತಿಯನ್ನು ಎರಡಾಗಿ ವಿಂಗಡಿಸಬಹುದೆಂಬುದು ನನ್ನ ಬಹುಕಾಲದ ಸಿದ್ಧಾಂತ. ಎರಡನೆಯ ಗುಂಪಿನವರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಬೀಗದಕೈಯನ್ನು ಜೇಬಿಗಿಳಿಸಿ, ಸಿಳ್ಳೆ ಹಾಕುತ್ತ, ಹಿಂದಿರುಗಿ ನೋಡದೆ ಮೆಟ್ಟಿಲಿಳಿಯುವುದನ್ನು ಕಂಡಾಗಲೆಲ್ಲ ಸ್ಥಿತಪ್ರಜ್ಞನ ಲಕ್ಷಣವೆಂದರೆ ಇದೇ ಇರಬೇಕು ಎಂದುಕೊಳ್ಳುತ್ತೇನೆ. ನಾನು ಹುಟ್ಟಿನಿಂದಲೇ ಮೊದಲನೆಯ ಗುಂಪಿನವನು; ಮೂರು ಸಲ ಜಗ್ಗಿದ ಹೊರತು ನನ್ನ ಕಾಲು ಮುಂದೆ ಬಾರದು. ನೀವೂ ಇದೇ ಪಂಗಡದವರಾದರೆ, ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಗ್ಯಾಸ್ ಆರಿಸಿದ್ದೀರಾ ಎಂದು ಒಮ್ಮೆ ನೋಡಿ ಬನ್ನಿ. ನಾನು ಕಾಯುತ್ತೇನೆ.

ನನಗಿದು ಪಿತ್ರಾರ್ಜಿತ. ಮಂಡ್ಯದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ನಮ್ಮ ತಂದೆ ಲೆಕ್ಕವನ್ನು ಒಮ್ಮೆ ತಾಳೆ ನೋಡಿದರೆ ಸಾಕೆಂದು ಹುಡುಗರಿಗೆ ಹೇಳುತ್ತಿದ್ದವರು, ಬೀಗದ ವಿಷಯಕ್ಕೆ ಬಂದರೆ ಮೂರಕ್ಕಿಂತ ಕಡಿಮೆಗೆ ಒಪ್ಪುತ್ತಿರಲಿಲ್ಲ. ಆಟೋದವನು ಹಾರನ್ ಹೊಡೆಯುತ್ತಿರಲಿ, ಅಮ್ಮ ಗೊಣಗುತ್ತಿರಲಿ, ಅವರು ಬಾಗಿಲ ಮುಂದೆ ನಿಂತು ಗುಡಿಯ ಗಂಟೆ ಬಾರಿಸುವವರ ಗಾಂಭೀರ್ಯದಿಂದ ಜಗ್ಗುತ್ತಿದ್ದರು. ಮನೆಮಂದಿಯೆಲ್ಲ ಬೇಲೂರಿಗೆ ಹೊರಟ ಒಂದು ಬೆಳಿಗ್ಗೆ, ಮೂರನೆಯ ಜಗ್ಗಿಗೆ ಚಿಲಕದ ಕೊಂಡಿಯೇ ಮೊಳೆಗಳ ಸಮೇತ ಚೌಕಟ್ಟಿನಿಂದ ಕಿತ್ತು ಅವರ ಕೈಗೆ ಬಂತು. ಬೀಗಕ್ಕೆ ಏನೂ ಆಗಿರಲಿಲ್ಲ. ಅಪ್ಪ ಮನೆ ಕಾಯಲು ಉಳಿದರು, ನಾವು ಬೇಲೂರು ನೋಡಿ ಬಂದೆವು. ಶಿಲಾಬಾಲಿಕೆಯರ ಮುಂದೆ ನಿಂತು ತೆಗೆಸಿಕೊಂಡ ಆ ದಿನದ ಯಾವ ಫೋಟೋದಲ್ಲೂ ಅವರಿಲ್ಲ. ಸಂಜೆ ನಾವು ಬರುವ ಹೊತ್ತಿಗೆ ಬಡಗಿಯನ್ನು ಕರೆಸಿ ಹೊಸ ಕೊಂಡಿ ಹಾಕಿಸಿ, ಅದನ್ನು ಜಗ್ಗಿ ನೋಡುತ್ತ ಹೊಸ್ತಿಲ ಮೇಲೆ ನಿಂತಿದ್ದರು.

ಹದಿನಾಲ್ಕು ವರ್ಷಗಳಿಂದ ನಾನಿರುವ ನೆದರ್‌ಲ್ಯಾಂಡ್ಸ್ ದೇಶದ ಹೂಫ್‌ಡಾರ್ಪ್‌ನಲ್ಲಿ ಜಗ್ಗುವುದಕ್ಕೆ ಬೀಗವೇ ಇಲ್ಲ. ಬಾಗಿಲೆಳೆದುಕೊಂಡರೆ ತಾನಾಗಿ ಕಚ್ಚಿಕೊಳ್ಳುತ್ತದೆ, ಕೀಲಿಯನ್ನು ಎರಡು ಸುತ್ತು ತಿರುಗಿಸಿದರೆ ಮುಗಿಯಿತು. ಆದರೆ ಪರಂಪರೆಯನ್ನು ಬಿಡಲಾದೀತೆ? ನಾನು ಹಿಡಿಕೆಯನ್ನು ಹಿಡಿದು ಎಳೆದು, ತಳ್ಳಿ, ಮತ್ತೆ ಎಳೆಯುವುದನ್ನು ಕಂಡ ಎದುರುಮನೆಯ ಡಚ್ ಅಜ್ಜ, ಪಾಪ, ಬಾಗಿಲು ಸಿಕ್ಕಿಕೊಂಡಿದೆಯೆಂದು ಭಾವಿಸಿ ಒಮ್ಮೆ ಎಣ್ಣೆಯ ಡಬ್ಬಿ ತಂದುಕೊಟ್ಟಿದ್ದರು. ನಾನು ಥ್ಯಾಂಕ್ಸ್ ಹೇಳಿ, ಅವರ ಸಮಾಧಾನಕ್ಕೆಂದು ಎರಡು ಹನಿ ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಒಬ್ಬಳೇ ಮಗಳು ಸಿಂಚನಾಗೆ ಅದೇ ದೇಶದ ದಕ್ಷಿಣ ತುದಿಯಲ್ಲಿರುವ ಮಾಸ್ಟ್ರಿಕ್ಟ್‌ನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಹೆಂಡತಿ ವೀಣಾ ತನ್ನ ಅಕ್ಕನ ಮಗಳ ಮದುವೆಗೆಂದು ಮೈಸೂರಿಗೆ ಹೋಗಿದ್ದಳಾದ್ದರಿಂದ ಮಗಳನ್ನು ಬಿಟ್ಟುಬರುವ ಹೊಣೆ ನನ್ನ ಪಾಲಿಗೆ ಬಂತು. ಎರಡು ಸೂಟ್‌ಕೇಸು, ಒಂದು ಕುಕ್ಕರು, ಸಾರಿನ ಪುಡಿಯ ಡಬ್ಬಿಗಳ ಸಮೇತ ಮೂರು ಗಂಟೆ ರೈಲಿನಲ್ಲಿ ಕುಳಿತು, ಒಂದು ಶುಕ್ರವಾರ ಮಧ್ಯಾಹ್ನ ಅವಳ ರೂಮು ತಲುಪಿದೆವು. ಎತ್ತರದ ಹಳೆಯ ಮನೆ, ಮೂರನೆಯ ಮಹಡಿ, ಒಂದೇ ಕಿಟಕಿ. ಅಡುಗೆಮನೆ ನಾಲ್ವರಿಗೆ ಸೇರಿದ್ದು. ಎಲ್ಲ ಚೆನ್ನಾಗಿತ್ತು. ಬಾಗಿಲ ಹಿಡಿಕೆ ಮಾತ್ರ ಸ್ವಲ್ಪ ಅಲ್ಲಾಡುತ್ತಿತ್ತು.

ನಾನು ಜಗ್ಗಿದೆ. ಮೂರು ಸಲಕ್ಕೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಮನಸ್ಸಿಗೆ ಸಮಾಧಾನವಾಗದೆ ಮತ್ತೆ ಮೂರು ಸಲ ಜಗ್ಗಿ, ಪಕ್ಕದ ರೂಮುಗಳಿಂದ ಇಣುಕಿದ ಇಬ್ಬರು ಹುಡುಗಿಯರನ್ನು ನಿಮ್ಮ ಬಾಗಿಲುಗಳೂ ಹೀಗೆಯೇ ಅಲ್ಲಾಡುತ್ತವೆಯೇ ಎಂದು ಕೇಳಿ, ಅವರ ಅನುಮತಿ ಪಡೆದು ಅವನ್ನೂ ಜಗ್ಗಿ, ಕೊನೆಗೆ ಕಟ್ಟಡ ನೋಡಿಕೊಳ್ಳುವವನಿಗೆ ಫೋನು ಮಾಡಲು ಹೊರಟಿದ್ದೆ. ಸಿಂಚನಾಳ ಮುಖ ಕೆಂಪಾಗಿತ್ತು. "ಅಪ್ಪಾ, ಪ್ಲೀಸ್, ಸ್ಟಾಪ್! ಡೋರ್ ಸರಿಯಾಗೇ ಇದೆ. ನೀವು ಮನೆಗೆ ಹೋಗಿ. ಬೇಕಾದ್ರೆ ನಿಮಗೆ ನಾನೇ ಕಾಲ್ ಮಾಡ್ತೀನಿ, ನೀವು ನಂಗೆ ಮಾಡ್ಬೇಡಿ," ಎಂದಳು. ಹದಿನೆಂಟು ವರ್ಷ ಜೊತೆಗಿದ್ದ ಮಗಳು ಹಾಗೆ ಮುಖ ಗಂಟಿಕ್ಕಿಕೊಂಡು ನನ್ನನ್ನು ಬೀಳ್ಕೊಟ್ಟಳು. ತಬ್ಬಿಕೊಳ್ಳುವುದಿರಲಿ, ಕೈ ಬೀಸುವುದನ್ನೂ ಇಬ್ಬರೂ ಮರೆತೆವು.

ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. ಅದು ನನ್ನನ್ನು ಕರೆದೊಯ್ಯುವುದು ಎಲ್ಲಿಗೆ? ಹೆಂಡತಿಯೂ ಇಲ್ಲದ, ಮಗಳೂ ಇಲ್ಲದ, ಬೀಗ ಮಾತ್ರ ಭದ್ರವಾಗಿರುವ ಒಂದು ಮನೆಗೆ. ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳು ಫೋನು ಮಾಡಿದರೆ ಮೂರು ಗಂಟೆಯ ದೂರದಲ್ಲಿ ಕುಳಿತು ನಾನೇನು ಮಾಡಲಿ? ಹೀಗೆ ತರ್ಕಿಸಿ, ಸ್ಟೇಷನ್ನಿನ ಎದುರಿಗೆ ಕಂಡ ಬಸ್ಸು ಹತ್ತಿ, ಅರ್ಧ ಗಂಟೆಯಾಚೆಗಿನ ಗುಲ್ಪೆನ್ ಎಂಬ ಊರಿನಲ್ಲಿಳಿದು, ಒಬ್ಬ ಮುದುಕಿ ತನ್ನ ತೋಟದ ಮನೆಯಲ್ಲಿ ಬಾಡಿಗೆಗೆ ಕೊಡುವ ಕೋಣೆಯೊಂದನ್ನು ಹಿಡಿದೆ. ವಾರಾಂತ್ಯದಲ್ಲಿ ಏಕಾಂಗಿಯಾಗಿ ಗ್ರಾಮಾಂತರದಲ್ಲಿ ನಡೆಯುವ ಆಸೆ ನನಗೆ ಮೊದಲಿನಿಂದಲೂ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಲಿಲ್ಲ.

ಏಕಾಂತ ಸಂಚಾರದ ಬಗ್ಗೆ ಬಲ್ಲವರು ಬರೆದಿರುವುದನ್ನು ನಾನೂ ಓದಿದ್ದೇನೆ. ಪ್ರಕೃತಿಯ ಮಡಿಲಲ್ಲಿ ಚಿತ್ತ ತಿಳಿಗೊಳ್ಳುತ್ತದಂತೆ, ಒಳಗಿನ ದನಿ ಕೇಳಿಸುತ್ತದಂತೆ. ಶನಿವಾರ ಬೆಳಿಗ್ಗೆ ಚಿತ್ರಪಟದಂಥ ಆ ನಾಡಿನಲ್ಲಿ ನಾನು ಹೆಜ್ಜೆಯಿಟ್ಟಾಗ ಪ್ರಕೃತಿ ತನ್ನ ಕರ್ತವ್ಯದಲ್ಲಿ ಲೋಪವೆಸಗಲಿಲ್ಲ. ಚಪ್ಪಟೆ ದೇಶವೆಂದು ಹೆಸರಾದ ನೆದರ್‌ಲ್ಯಾಂಡ್ಸ್ ತನ್ನಲ್ಲಿದ್ದ ಅಷ್ಟೋ ಇಷ್ಟೋ ಗುಡ್ಡಗಳನ್ನೆಲ್ಲ ಇದೊಂದು ಮೂಲೆಯಲ್ಲಿ ಒಟ್ಟುಗೂಡಿಸಿಟ್ಟಿದೆ. ಅವುಗಳ ಇಳಿಜಾರಿನಲ್ಲಿ ಸೇಬಿನ ತೋಟಗಳು, ಮರದ ಚೌಕಟ್ಟಿನ, ಸುಣ್ಣ ಬಳಿದ ಬಿಳಿ ಮನೆಗಳು, ಕವಲುದಾರಿಗೊಂದು ಶಿಲುಬೆ, ಕಣಿವೆಯಲ್ಲಿ ಒಂದು ಪುಟ್ಟ ಹೊಳೆ. ಒಳಗಿನ ದನಿಯೂ ಕೇಳಿಸಿತು. ಅದು "ಫೋನು ಸೈಲೆಂಟಿನಲ್ಲಿದೆಯೇನೋ ನೋಡು" ಎಂದಿತು.

ಫೋನು ಸೈಲೆಂಟಿನಲ್ಲಿರಲಿಲ್ಲ. ಬ್ಯಾಟರಿಯಿತ್ತು, ಸಿಗ್ನಲ್ ಇತ್ತು. ನಡೆಯುವವರಿಗೆಂದು ಈ ದೇಶದವರು ದಾರಿಯುದ್ದಕ್ಕೂ ಸಂಖ್ಯೆ ಬರೆದ ಕಂಬಗಳನ್ನು ನೆಟ್ಟಿದ್ದಾರೆ, ಕಂಬದಿಂದ ಕಂಬಕ್ಕೆ ಹೋದರೆ ದಾರಿ ತಪ್ಪುವ ಸಂಭವವೇ ಇಲ್ಲ. ನಾನು ಪ್ರತಿ ಕಂಬಕ್ಕೂ ನಿಂತು ಫೋನು ನೋಡಿದೆ. ಪ್ರತಿ ದಿಬ್ಬದ ಮೇಲೂ ಬೆಂಚು ಹಾಕಿದ್ದಾರೆ. ನಾನು ಪ್ರತಿ ಬೆಂಚಿನ ಮೇಲೂ ಕುಳಿತು, ಎರಡು ನಿಮಿಷಕ್ಕೆ ಎದ್ದೆ. ಒಂದು ಹೋಟೆಲಿನಲ್ಲಿ ಈ ಪ್ರಾಂತ್ಯದ ಪ್ರಸಿದ್ಧ ಹಣ್ಣಿನ ಕಡುಬು ಕೊಟ್ಟರು, ತಿಂದೆ. ಏಪ್ರಿಕಾಟಿನದೋ ಚೆರಿಯದೋ ಇಂದಿಗೂ ಹೇಳಲಾರೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಾದದ್ದೇನೆಂದರೆ, ನಾನು ಯಾವ ಸಂಖ್ಯೆಯ ಬೆನ್ನು ಹತ್ತಿ ಹೊರಟರೂ ಮಾಸ್ಟ್ರಿಕ್ಟ್ ಇರುವ ಪಶ್ಚಿಮ ದಿಕ್ಕಿನ ದಿಬ್ಬಕ್ಕೇ ಬಂದು ನಿಲ್ಲುತ್ತಿದ್ದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಿಂಚನಾ ಒಬ್ಬಳೇ ಸೈಕಲ್ಲಿನಲ್ಲಿ ಶಾಲೆಗೆ ಹೋಗಲಾರಂಭಿಸಿದ ವರ್ಷ ಮನೆಯ ಮೂವರ ಫೋನಿನಲ್ಲೂ ಲೊಕೇಶನ್ ತೋರಿಸುವ ಏರ್ಪಾಡು ಮಾಡಿಸಿದವನು ನಾನೇ. ಅವಳು ಇರುವೆಡೆಯಲ್ಲಿ ನಕ್ಷೆಯ ಮೇಲೊಂದು ನೀಲಿ ಚುಕ್ಕೆ ಕಾಣುತ್ತದೆ. ಫೋನು ಮಾಡಬಾರದೆಂದು ಅವಳು ಹೇಳಿದ್ದಳೇ ಹೊರತು ಚುಕ್ಕೆ ನೋಡಬಾರದೆಂದು ಹೇಳಿರಲಿಲ್ಲವಷ್ಟೆ. ಶನಿವಾರ ಬೆಳಿಗ್ಗೆಯಿಂದ ಆ ಚುಕ್ಕೆ ರೂಮು ಬಿಟ್ಟು ಕದಲಿರಲಿಲ್ಲ. ಊಟಕ್ಕೂ ಹೊರಗೆ ಹೋಗಲಿಲ್ಲವೇ? ಜ್ವರವೇ? ಅಳುತ್ತ ಕುಳಿತಿದ್ದಾಳೆಯೇ? ಬಾಗಿಲೇ ತೆರೆಯಲಾಗದಂತೆ ಸಿಕ್ಕಿಕೊಂಡಿತೆ? ಅಷ್ಟು ಜಗ್ಗಿದವನು ನಾನು. ಕೊಂಡಿ ಕಿತ್ತ ವಂಶದವನು.

ಈ ಯೋಚನೆಯಲ್ಲಿ ಹುಲ್ಲುಗಾವಲೊಂದರ ನಡುವೆ ಹಾದುಹೋಗುವ ಕಾಲುದಾರಿ ಹಿಡಿದಾಗ ಎದುರಿಗೆ ಹಸುಗಳು ನಿಂತಿದ್ದವು. ಹನ್ನೊಂದು ಹಸುಗಳು, ಒಂದೊಂದೂ ನಮ್ಮೂರಿನ ಎರಡರಷ್ಟು, ಆಚೆಯ ಗೇಟಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದವು. ಮಂಡ್ಯದಲ್ಲಿ ಹುಟ್ಟಿದವನು ಹಸುವಿಗೆ ಹೆದರಿದನೆಂದು ನೀವು ನಗಬಹುದು. ಇವುಗಳಿಗೆ ಕನ್ನಡ ಬರುವುದಿಲ್ಲ, ನನ್ನ ಡಚ್ ಭಾಷೆಯೋ ಮುನಿಸಿಪಾಲಿಟಿಯ ಫಾರಮ್ಮುಗಳಾಚೆ ದಾಟಿಲ್ಲ. ಅವು ಕದಲಲಿಲ್ಲ, ನಾನೂ ಕದಲಲಿಲ್ಲ. ಸರಿಯಾಗಿ ಆಗಲೇ ಮೈಸೂರಿನಿಂದ ವೀಣಾಳ ಫೋನು ಬಂತು.

"ಏನ್ರೀ, ಮನೇಲಿದ್ದೀರಾ? ಊಟ ಆಯ್ತಾ?"

"ಹೂಂ, ಆಯ್ತು," ಎಂದೆ. ಆಗ ಮುಂದಿನ ಸಾಲಿನ ಹಸುವೊಂದು ಕತ್ತೆತ್ತಿ ದೀರ್ಘವಾಗಿ ಕೂಗಿತು.

"ಅದೇನ್ರೀ, ಹಸು?"

"ಟೀವಿ."

"ಸರಿ, ಟೀವಿ ಜಾಸ್ತಿ ನೋಡ್ಬೇಡಿ, ಕಾಲು ನೋವು ಬರುತ್ತೆ," ಎಂದು ಇಟ್ಟಳು. ಟೀವಿ ನೋಡಿದರೆ ಕಾಲು ಯಾಕೆ ನೋಯಬೇಕೆಂದು ನನಗೆ ಆಗ ಹೊಳೆಯಲಿಲ್ಲ.

ಹಸುಗಳು ತಮಗೇ ಬೇಸರವಾಗಿ ಚದುರುವ ಹೊತ್ತಿಗೆ ನಲವತ್ತು ನಿಮಿಷವಾಗಿತ್ತು. ಗೇಟು ದಾಟಿ ಫೋನು ನೋಡಿದರೆ ಸಿಂಚನಾಳ ಚುಕ್ಕೆ ಸ್ಟೇಷನ್ನಿನ ಬಸ್ ನಿಲ್ದಾಣದಲ್ಲಿತ್ತು! ಎಲ್ಲಿಗೆ ಹೊರಟಳು, ಯಾರೊಂದಿಗೆ? ನಾನು ಬೇಲಿಯ ಪಕ್ಕ ದಾಪುಗಾಲು ಹಾಕುತ್ತ ನೋಡುತ್ತಲೇ ಇದ್ದೆ. ಹತ್ತು ನಿಮಿಷ ಅಲ್ಲಿಯೇ ನಿಂತಿದ್ದ ಚುಕ್ಕೆ ಮೆಲ್ಲಗೆ ಬಂದ ದಾರಿಯಲ್ಲೇ ಹಿಂದಿರುಗಿ ರೂಮು ಸೇರಿತು. ಯಾರಿಗೋ ಕಾದಿದ್ದಾಳೆ, ಅವರು ಬಂದಿಲ್ಲ ಎಂದು ಊಹಿಸಿದೆ. ನನ್ನ ಮಗಳನ್ನು ಕಾಯಿಸಿ ಬಾರದೆ ಹೋದ ಆ ಅಪರಿಚಿತನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಉಳಿದ ಸಂಜೆಯೆಲ್ಲ ಅವನನ್ನು ಬೈಯುತ್ತ ನಡೆದೆ.

ಭಾನುವಾರ ಬೆಳಿಗ್ಗೆ ಮನೆಯ ಯಜಮಾನಿ ಬ್ರೆಡ್ಡು, ಚೀಸು ತಂದಿಡುತ್ತ, ಈ ದೇಶದವರ ನೇರ ಮಾತಿನಲ್ಲಿ, ಮಗನನ್ನು ಬಿಟ್ಟು ಬಂದೆಯೋ ಮಗಳನ್ನೋ ಎಂದು ಕೇಳಿದಳು. ನಾನು ಬೆಪ್ಪಾಗಿ ಮಗಳು ಎಂದೆ. ಕಾಲೇಜು ಶುರುವಾಗುವ ವಾರ ಪ್ರತಿ ವರ್ಷವೂ ತನಗೆ ಇಂಥ ಒಬ್ಬಿಬ್ಬರು ಅತಿಥಿಗಳು ಸಿಗುತ್ತಾರೆ, ತಾಯಂದಿರು ರೂಮಿನಲ್ಲೇ ಅತ್ತು ಮುಗಿಸಿ ಮನೆಗೆ ಹೋಗುತ್ತಾರೆ, ತಂದೆಯರು ಇಲ್ಲಿ ಬಂದು ನಡೆಯುತ್ತಾರೆ ಎಂದಳು. "ನಿನ್ನೆ ಎಷ್ಟು ಕಿಲೋಮೀಟರು?" ಇಪ್ಪತ್ತೆರಡು ಎಂದೆ. ಹೋದ ವರ್ಷದ ಜರ್ಮನ್ ಅಪ್ಪ ಮೂವತ್ತು ನಡೆದಿದ್ದನಂತೆ. ನನ್ನ ದುಃಖ ಅದ್ವಿತೀಯವಲ್ಲ, ಮೊದಲನೆಯ ಸ್ಥಾನವೂ ಅದಕ್ಕಿಲ್ಲ ಎಂದು ತಿಳಿದು ಸ್ವಲ್ಪ ಪೆಚ್ಚೆನಿಸಿತು, ಸ್ವಲ್ಪ ಹಗುರವೂ ಆಯಿತು.

ಅಷ್ಟರಲ್ಲಿ ಫೋನು ಗುಂಯ್ಗುಟ್ಟಿತು. "ಅಪ್ಪಾ, ಇನ್ನೂ ಎಷ್ಟು ರೌಂಡ್ ಹೊಡೀತೀರಾ? ಕಾಫಿಗೆ ಬನ್ನಿ."

ಮಾನ್ಯ ಓದುಗರೇ, ನೀವು ಇದನ್ನು ಯಾವಾಗಲೋ ಊಹಿಸಿರುತ್ತೀರಿ. ಮೂವರ ಫೋನಿನಲ್ಲೂ ಮೂವರ ಚುಕ್ಕೆ ಕಾಣುತ್ತದೆ ಎಂಬುದು ಆ ಏರ್ಪಾಡು ಮಾಡಿಸಿದ ಮಹಾಶಯನಿಗೆ ಮಾತ್ರ ಎರಡು ದಿನ ಹೊಳೆದಿರಲಿಲ್ಲ. ಮಗಳನ್ನು ಕದ್ದು ನೋಡುವ ಭರದಲ್ಲಿ, ನಕ್ಷೆಯ ಮೇಲೆ ನಾನೂ ಇದ್ದೇನೆಂಬುದನ್ನೇ ಮರೆತಿದ್ದೆ. ಮೈಸೂರಿನ ಮದುವೆಮನೆಯಲ್ಲಿ ಕುಳಿತವಳಿಗೂ ಟೀವಿಯ ಹಸು ಯಾವ ಗುಡ್ಡದ ಮೇಲಿತ್ತೆಂದು ಗೊತ್ತಿತ್ತು.

ಬಸ್ಸಿನಲ್ಲಿ ಹೋಗುವಾಗ ಎಂಥ ಬೈಗುಳಕ್ಕೂ ಸಿದ್ಧನಾಗಿದ್ದೆ. ಸಿಂಚನಾ ಬೈಯಲಿಲ್ಲ. ಕುಕ್ಕರಿನಲ್ಲಿ ಮಾಡಿದ, ತುಸು ತಳಹಿಡಿದ ಉಪ್ಪಿಟ್ಟು ಕೊಟ್ಟು, ಎದುರಿಗೆ ಕುಳಿತು ಕೇಳಿದಳು:

"ನಿನ್ನೆ ಮಧ್ಯಾಹ್ನ ಅಷ್ಟು ಹೊತ್ತು ಒಂದೇ ಕಡೆ ನಿಂತಿದ್ರಲ್ಲ, ಏನಾಗಿತ್ತು?"

"ಹಸು."

"ನೀವೆಲ್ಲೋ ಬಿದ್ಬಿಟ್ರೇನೋ ಅಂತ ಅಂದ್ಕೊಂಡೆ. ಕಾಲ್ ಮಾಡ್ಬೇಡಿ ಅಂತ ನಾನೇ ಹೇಳಿದ್ನಲ್ಲ, ನೀವು ಬಿದ್ರೂ ಮಾಡಲ್ಲ ಅನ್ನಿಸ್ತು. ಹಾಗೆ ಕಳಿಸಿದ್ಮೇಲೆ ನಾನಾಗೇ ಮಾಡೋಕೂ ಒಂಥರಾ ಆಯ್ತು. ಅಮ್ಮಂಗೆ ಕೇಳೋಣ ಅಂದ್ರೆ ಅವಳ ಲೈನ್ ಬಿಜಿ. ಬಸ್ ಸ್ಟಾಪ್‌ಗೆ ಓಡಿದೆ. ಬಸ್ ಬರೋ ಅಷ್ಟರಲ್ಲಿ ನೀವು ಮೂವ್ ಆದ್ರಿ, ಫಾಸ್ಟಾಗೇ ಹೋಗ್ತಿದ್ರಿ. ವಾಪಸ್ ಬಂದೆ."

ಹಾಗಾದರೆ ಹಿಂದಿನ ಸಂಜೆ ದಾರಿಯುದ್ದಕ್ಕೂ ನಾನು ಬೈದದ್ದು, ಬಾರದೆ ಹೋದ ಆ ಪುಣ್ಯಾತ್ಮ, ನಾನೇ. ಬೆಳಿಗ್ಗೆಯಿಂದ ರೂಮು ಬಿಟ್ಟು ಕದಲದೆ ಅವಳು ಕುಳಿತದ್ದು ನನ್ನ ಚುಕ್ಕೆಯ ಕಾವಲಿಗೆ. ನಾನು ಅವಳ ಬಾಗಿಲನ್ನು ದೂರದಿಂದ ಜಗ್ಗುತ್ತಿದ್ದಷ್ಟು ಹೊತ್ತೂ ಅವಳು ನನ್ನನ್ನು ಜಗ್ಗಿ ಜಗ್ಗಿ ನೋಡುತ್ತಿದ್ದಳು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೆಣಸಿನಕಾಯಿ ಜಾಸ್ತಿಯಾಗಿದೆ ಎಂದೆ. ಹಾಕಿಯೇ ಇಲ್ಲ ಎಂದಳು.

ಸ್ಟೇಷನ್ನಿಗೆ ಹೊರಟಾಗ ಅವಳು ಬಾಗಿಲೆಳೆದು, ಕೀಲಿ ಎರಡು ಸುತ್ತು ತಿರುಗಿಸಿ, ಜೇಬಿಗಿಳಿಸಿ, ಎರಡು ಹೆಜ್ಜೆ ನಡೆದಳು. ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಭದ್ರವಾಗಿ ಹಿಡಿದುಕೊಂಡು ಹಿಂಬಾಲಿಸಿದೆ. ಮೆಟ್ಟಿಲ ಬಳಿ ಅವಳು ನಿಂತು, ಪಕ್ಕದ ರೂಮುಗಳ ಬಾಗಿಲುಗಳು ಮುಚ್ಚಿವೆಯೆಂದು ಖಾತ್ರಿ ಮಾಡಿಕೊಂಡು, ನನ್ನತ್ತ ತಿರುಗಿದಳು.

"ಹೋಗಿ, ಜಗ್ಗಿ ಬನ್ನಿ. ಒಂದ್ಸಲ, ಅಷ್ಟೇ."

ಜಗ್ಗಿದೆ. ಹಿಡಿಕೆ ಅಲ್ಲಾಡಿತು, ಬಾಗಿಲು ಅಲ್ಲಾಡಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಅವಳು ನನ್ನನ್ನು ತಬ್ಬಿಕೊಂಡಳು, ರೈಲು ಹೊರಟ ಮೇಲೆ ಕೈಯನ್ನೂ ಬೀಸಿದಳು. ಮೂರು ಗಂಟೆಯ ದಾರಿಯಲ್ಲಿ ಒಮ್ಮೆಯೂ ನಾನು ಅವಳ ಚುಕ್ಕೆಯನ್ನು ನೋಡಲಿಲ್ಲ ಎಂದರೆ ಸುಳ್ಳಾದೀತು. ಎರಡು ಸಲ ನೋಡಿದೆ. ಮೊದಲು ಅದು ನದಿಯ ದಂಡೆಯಲ್ಲಿತ್ತು, ಆಮೇಲೆ ಊರಿನ ಚೌಕದಲ್ಲಿ. ಅಂತೂ ಹೊರಗೆ ತಿರುಗಾಡಲು ಹೊರಟಿದ್ದಳು.

ಸಂಜೆಯ ಬೆಳಕಿರುವಾಗಲೇ ಹೂಫ್‌ಡಾರ್ಪ್‌ನ ಮನೆ ಸೇರಿದೆ. ಒಳಗೆ ಯಾರೂ ಇರಲಿಲ್ಲ, ಹಜಾರದಲ್ಲಿ ಅವಳ ಹಳೆಯ ಮಳೆಯಂಗಿ ಮೊಳೆಯಲ್ಲಿ ನೇತಾಡುತ್ತಿತ್ತು. ಶೂ ಬಿಚ್ಚುವ ಮೊದಲೇ ಫೋನು ಗುಂಯ್ಗುಟ್ಟಿತು. "ಮನೆ ಸೇರಿದ್ರಿ ಅಂತ ಕಾಣ್ತಿದೆ. ಒಳಗಿಂದ ಲಾಕ್ ಮಾಡ್ಕೊಳ್ಳಿ." ಹಾಗೆಯೇ ಮಾಡಿದೆ. ಹಿಡಿಕೆಯ ಮೇಲೆ ಕೈಯಿಟ್ಟು ಒಂದು ಸಲ ಜಗ್ಗಿ, ಉಳಿದೆರಡನ್ನು ಬಿಟ್ಟು, ದೀಪ ಹಾಕಿ ಒಳಗೆ ಹೋದೆ.